ಸೂರಕ್ಕಿಯ ಪಾಲಿನ ದಾಸವಾಳ

ಒಂದು ಊರು. ಊರಿದ್ದ ಮೇಲೆ ಶ್ರೀಮಂತನೊಬ್ಬ ಇರಲೇಬೇಕಲ್ಲ, ಇದ್ದ. ಮನೆ ದೊಡ್ಡದು, ಹಿತ್ತಲು ದೊಡ್ಡದು, ಭಕ್ತಿಯಂತೂ ಬೀದಿ ಕೊನೆಯವರೆಗೂ ಕೇಳಿಸುವಷ್ಟು ದೊಡ್ಡದು. ಅವನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು. "ಇನ್ನು ದಿನಾ ಎದ್ದು ಕೂರಬೇಕಮ್ಮ, ಮಲಗೇ ಇದ್ರೆ ನಡೆಯೋಕಾಗಲ್ಲ" ಎಂದರು ಡಾಕ್ಟರು. ನೋವು ನೋಡಿ, ಯಾರು ಹೇಳಿದರೂ ಅವಳು ಏಳಲಿಲ್ಲ.

ಒಂದು ಬೆಳಿಗ್ಗೆ ಕಿಟಕಿಯಾಚೆಯ ದಾಸವಾಳಕ್ಕೆ ಹೆಬ್ಬೆರಳಷ್ಟು ಹಕ್ಕಿಯೊಂದು ಬಂತು. ಬಿಸಿಲು ಬಿದ್ದರೆ ನೇರಳೆ, ಹೊರಳಿದರೆ ಕಪ್ಪು. ಬಾಗಿದ ಕೊಕ್ಕನ್ನು ಹೂವಿನೊಳಗಿಟ್ಟು ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತಿತು. ಸರಿಯಾಗಿ ಕಾಣಲೆಂದು ಅವಳು ಮೊಣಕೈ ಊರಿದಳು. ಊರಿ, ಎದ್ದು ಕೂತೇಬಿಟ್ಟಳು!

"ರೀ, ಬನ್ನಿ ಇಲ್ಲಿ, ಸೂರಕ್ಕಿ!"

"ಸೂರಕ್ಕಿ ಅಲ್ವೇ, ಹಮ್ಮಿಂಗ್ ಬರ್ಡ್" ಎಂದ ಗಂಡ.

"ಅದು ಅಮೆರಿಕದ್ದಂತೆ ಕಣ್ರೀ. ಇದು ನಮ್ಮ ಹಿತ್ತಲಿಂದು."

ಶ್ರೀಮಂತನ ಮನೆಗೆ ಬರುವ ಹಕ್ಕಿಗೆ ಪಾಸ್‌ಪೋರ್ಟ್ ಇರಬೇಡವೇ?

ದಿನವೂ ಹಕ್ಕಿ ಬಂತು, ದಿನವೂ ಅವಳು ಎದ್ದು ಕೂತಳು. ಇವನಿಗೆ ಆನಂದ. ಆನಂದವಾದರೆ ಭಕ್ತ ಸುಮ್ಮನಿರುತ್ತಾನೆಯೇ? "ಇವಳು ಬೇಗ ಓಡಾಡೋ ಹಾಗಾಗಲಿ ತಾಯಿ, ದಿನಾ ಬುಟ್ಟಿ ತುಂಬ ದಾಸವಾಳ ಏರಿಸ್ತೀನಿ" ಎಂದು ದೇವಿಗೆ ಹರಕೆ ಹೊತ್ತ. ಬೆಳಕು ಹರಿಯುವ ಮೊದಲೇ ಗಿಡ ಬೋಳು. ಮೊಗ್ಗನ್ನೂ ಬಿಡಲಿಲ್ಲ ಪುಣ್ಯಾತ್ಮ! ಹಕ್ಕಿ ಬಂತು, ಬರೀ ಎಲೆಗಳ ಸುತ್ತ ಸುತ್ತಿತು, ಹೋಯಿತು. ಆಮೇಲೆ ಬರಲೇ ಇಲ್ಲ. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಇವನೇನು ಮಾಡಿದ? ಬುಟ್ಟಿ ದೊಡ್ಡದು ಮಾಡಿದ! ಅವಳು ಊಟಕ್ಕೂ ಏಳದಾದಳು. ಇವನು ಪಕ್ಕದ ಮನೆ ಗಿಡಕ್ಕೂ ಕೊಕ್ಕೆಕೋಲು ಹಾಕಿದ!

ಕೊನೆಗೆ, "ಇಷ್ಟು ಹೂ ಹಾಕಿದ್ರೂ ತಾಯಿ ಕಣ್ಣು ಬಿಡ್ತಿಲ್ವಲ್ಲೇ" ಎಂದು ಹೆಂಡತಿಯ ಮುಂದೆ ಕಣ್ಣೀರಿಟ್ಟ.

"ಅವಳು ಕಣ್ಣು ಬಿಟ್ಟೇ ಇದ್ಲು ರೀ. ನನ್ನ ಎಬ್ಬಿಸೋಕೆ ಹಕ್ಕಿ ಕಳಿಸಿದ್ಲು. ನೀವು ಅದರ ಊಟ ಕಿತ್ತು ಅವಳಿಗೇ ತಗೊಂಡು ಹೋಗಿ ಕೊಡ್ತಿದ್ದೀರಿ."

"ಹರಕೆ ತಪ್ಪಿದ್ರೆ?"

"ನಾನು ಏಳದೇ ಹೋದ್ರೆ?"

ಸುಪ್ರಭಾತದಿಂದ ಮಂಗಳಾರತಿವರೆಗೆ ಎಲ್ಲ ಬಾಯಿಪಾಠವಿದ್ದವನು ಎದ್ದು ಹೋಗಿ ಕೊಕ್ಕೆಕೋಲನ್ನು ಅಟ್ಟಕ್ಕೇರಿಸಿದ. ಮರುದಿನ ಒಂದೇ ಹೂವು ಕೊಯ್ದು ದೇವಿಗಿಟ್ಟು, ಹೆಂಡತಿಯ ಮಂಚದ ಮೇಲೆ ಬಂದು ಕೂತ. ಹಕ್ಕಿ ಬರಲಿಲ್ಲ. ಅದೇನು ಇವನ ಆಳೇ, ಕರೆದ ಕೂಡಲೇ ಬರುವುದಕ್ಕೆ? ಕಾದ. ದಿನಾ ಕಾದ. ಕೆಲವು ದಿನಗಳ ಮೇಲೆ ಬಂತು. "ಸ್ವಲ್ಪ ಸರೀರಿ, ಕಾಣಿಸ್ತಿಲ್ಲ" ಎನ್ನುತ್ತ ಅವಳು ಅವನ ಹೆಗಲನ್ನೇ ಹಿಡಿದು ಎದ್ದು ಕೂತಳು.

ನಗುತ್ತಿದ್ದೀರಿ. ನಗಿ. ನಾಳೆ ನಸುಕಿನಲ್ಲಿ ಪ್ಲಾಸ್ಟಿಕ್ ಕವರು ಹಿಡಿದು, ಕಂಡವರ ಕಾಂಪೌಂಡಿನ ಮೇಲೆ ಕತ್ತು ಚಾಚುವ ಮಹಾಭಕ್ತರು ಯಾರು? ಈ ಸಭೆಯಲ್ಲಂತೂ ಇರಲಾರರು, ಬಿಡಿ! ಆದರೂ ಹೇಳುತ್ತೇನೆ. ದೇವರಿಗೆ ಒಂದು ಹೂವು ಸಾಕು, ಉಳಿದದ್ದನ್ನು ಗಿಡದಲ್ಲೇ ಬಿಡಿ. ಪಕ್ಕದವರ ಗಿಡವನ್ನು ಪಕ್ಕದವರಿಗೆ ಬಿಡಿ. ಉಳಿದ ಆ ಹೊತ್ತಿನಲ್ಲಿ, ಮನೆಯಲ್ಲಿ ಮಲಗಿದವರ ಬಳಿ ಹೋಗಿ ಕೂತು, ಅವರು ನೋಡುತ್ತಿರುವುದನ್ನು ನೀವೂ ನೋಡಿ. ಗಂಟೆ ಮಾತ್ರ ಬಾರಿಸಬೇಡಿ, ಹಕ್ಕಿ ಹಾರಿಹೋಗುತ್ತದೆ.