ಅಜ್ಜಿಯ ಬಝರ್

ಹೊಸ ಉದ್ಯಮ ಕಟ್ಟುವುದನ್ನು ಕಲಿಸುವ ಕೋರ್ಸಿನ ಪ್ರಾಜೆಕ್ಟುಗಳಿಗೆ ಅಂದು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ. ತಂಗಿಯ ಮಗನಿಗಾಗಿ ಕಾಯುತ್ತ ನಾನು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಅವಳ ಮಡಿಲಲ್ಲಿ ಪುಟ್ಟ ಬಝರ್; ಮಾತು ನಿಂತ ರೋಗಿಗಳು ಮನೆಯವರನ್ನು ಕರೆಯಲೆಂದು ಇಬ್ಬರೂ ಸೇರಿ ಮಾಡಿದ್ದು.

“ಒಳಗೆ, ಬಝರ್ ಕೆಟ್ಟಿತ್ತು ಅಂತ ಹೇಳೋಣ ಕಣೋ.”

“ತಲೆ ಕೆಟ್ಟಿದ್ಯಾ? ನಿಮ್ಮಜ್ಜಿ ಒತ್ತಿದಾಗೆಲ್ಲ ಸರಿಯಾಗೇ ಹೊಡ್ಕೊಂಡಿದೆ.”

“ಆವತ್ತು ಹೊಡ್ಕೊಳ್ಲಿಲ್ಲ.”

“ನಿಮ್ಮಮ್ಮ ಆಫ್ ಮಾಡಿದ್ರು ಅಂತ ನೀನೇ ಹೇಳಿದ್ಯಲ್ಲೇ!”

“ಎದ್ದು ಎದ್ದು ಅವಳಿಗೂ ಸಾಕಾಗಿ ಹೋಗಿತ್ತು ಕಣೋ. ಒಂದ್ ಗಳಿಗೆ ಕಣ್ಮುಚ್ಚೋಣ ಅಂತ ಆಫ್ ಮಾಡಿದ್ಲು. ಎದ್ದು ನೋಡಿದ್ರೆ ಅಜ್ಜಿಗೆ ಉಸಿರೇ ಇರ್ಲಿಲ್ಲ.”

“ಕೆಟ್ಟಿತ್ತು ಅಂದ್ರೆ ನಮ್ಮನ್ನ ಫೇಲ್ ಮಾಡ್ತಾರೆ. ದುಡ್ಡು ಹಾಕೋ ಕಂಪನಿಯವ್ರು ಬೇರೆ ಬಂದು ಕೂತಿದಾರೆ.”

“ಅಮ್ಮನೂ ಕೂತಿದಾಳೆ, ಹಿಂದಿನ ಸಾಲಲ್ಲಿ. ಆವತ್ತಿಂದ ನೆಟ್ಟಗೆ ಒಂದ್ ತುತ್ತು ತಿಂದಿಲ್ಲ. ಆಫ್ ಮಾಡದೆ ಇದ್ದಿದ್ರೂ ಅದು ಹೊಡ್ಕೊತಿರ್ಲಿಲ್ಲಮ್ಮ ಅಂತ ಹೇಳಿದೀನಿ.”

“ನಂಬಿದ್ರಾ?”

“ಒಳಗಿನ ವೈರಿಂಗೆಲ್ಲ ಮಾಡಿದೋನು ನೀನಲ್ವಾ? ನಿನ್ನ ಬಾಯಿಂದ ಕೇಳೋಕೇ ಬಂದಿರೋದು.”

ಅಷ್ಟರಲ್ಲಿ ಒಳಗಿನಿಂದ ಅವರ ತಂಡವನ್ನು ಕರೆದರು. ಹುಡುಗ ಅವಳ ಮಡಿಲಿನಿಂದ ಬಝರ್ ಎತ್ತಿಕೊಂಡು, ಹಿಂಬದಿಯ ಮುಚ್ಚಳ ತೆಗೆದು, ಒಂದು ತಂತಿಯನ್ನು ಕಿತ್ತ.

“ನಡಿ,” ಎಂದ.