ಹುಟ್ಟುಹಬ್ಬಕ್ಕ ಸ್ಟೇ ಕೇಳಿದ ಅಪ್ಪ

ಒಂದೂರಾಗ ಒಬ್ಬ ಶ್ರೀಮಂತ ಇದ್ದ. ಹೆಸರು ಶಾಂತವೀರಪ್ಪ ಅಂತ ಇಟ್ಕೊಳ್ರಿ. ಶಾಂತಿ ಇದ್ದದ್ದು ಹೆಸರಿನಾಗ ಅಷ್ಟ! ಹತ್ತಿ ಗಿರಣಿ ಯಜಮಾನ. ಆತ ಕೆಮ್ಮಿದ್ರ ಸಾಕು, ಗಿರಣಿ ಮಂದಿ ಎದ್ದು ನಿಲ್ತಿದ್ರು. ಮನ್ಯಾಗ ಒಬ್ಬ ಮಾತ್ರ ಏಳ್ತಿರಲಿಲ್ಲ. ಮಗ, ಪ್ರಭು.

ಈ ಪ್ರಭು ಕಾಲೇಜು ಬಿಟ್ಟಿದ್ದ. ಮಧ್ಯಾಹ್ನತನಕ ಮಲಗಾಂವ, ಸಂಜಿಗೆ ಬೈಕ್ ಹತ್ತಿ ಎಲ್ಲೋ ಹೋಗಾಂವ. ಒಮ್ಮೆ ಕುಡದು ಬಂದ. ತಾಯಿ ಅತ್ತಳು, ಅಪ್ಪ ಒದರ್ಯಾಡಿದ. ಮಗ ಅಂದದ್ದು ಒಂದ ಮಾತು: "ಹದಿನೆಂಟು ತುಂಬಲಿ. ಆಮ್ಯಾಲೆ ನಾ ಇಲ್ಲಿ ಇರೂದಿಲ್ಲ."

ಅಪ್ಪ ಏನ್ ಮಾಡಿದ? ಮಗನ ಹತ್ರ ಹೋಗಿ ಕೂತನೇನು? ಎಲ್ಲೀದು! ಪೊಲೀಸ್ ಠಾಣೆಗೆ ಹೋದ.

"ಸಾಹೇಬ್ರ, ನನ್ನ ಮಗನ್ನ ಸ್ವಲ್ಪ ಒಳಗ ಹಾಕ್ರಿ."

"ಏನ್ ಮಾಡ್ಯಾನ್ರಿ?"

"ನನ್ನ ಮಾತು ಕೇಳೂದಿಲ್ಲ."

ಫೌಜದಾರ ನಕ್ಕ. "ಆ ಕೇಸಿಗೆ ಮೊದ್ಲು ನನ್ನ ಮಗಳನ್ನ ಹಾಕ್ಬೇಕಾಗತೈತಿ, ಸಾವುಕಾರ್ರ."

ಅಲ್ಲಿಂದ ಸೀದಾ ವಕೀಲರ ಕಡೆ. "ಬರೂ ಸೋಮವಾರ ನನ್ನ ಮಗಗ ಹದಿನೆಂಟು ತುಂಬತೈತಿ. ಅದನ್ನ ತಡಿಯಾಕ ಕೋರ್ಟಿನಿಂದ ಒಂದು ಸ್ಟೇ ತಂದುಕೊಡ್ರಿ."

"ಯಾವುದಕ್ಕರೀ?"

"ಹುಟ್ಟುಹಬ್ಬಕ್ಕ!"

ವಕೀಲರು ಚಷ್ಮಾ ತಗದು ಒರಸಿದ್ರು. "ಹಂಗಾದ್ರ ಸೂರ್ಯಗ ನೋಟಿಸ್ ಕೊಡಬೇಕು. ವಿಳಾಸ ಐತೇನ್ರಿ? ಸಾವುಕಾರ್ರ, ಸೋಮವಾರದಿಂದ ಅಂವ ಎಲ್ಲಿರಬೇಕು ಅನ್ನೂದು ಅವನ ಇಚ್ಛಾ. ಕಾಯ್ದೆ ನಿಮ್ಮ ಕೈಯಾಗ ಏನೂ ಕೊಡೂದಿಲ್ಲ."

ನಗಬ್ಯಾಡ್ರಿ, ಕೇಳ್ರಿ. ಮನಿಗೆ ಬಂದ ಕೂಡ್ಲೆ ಗ್ವಾಡಿಮ್ಯಾಲಿನ ಕ್ಯಾಲೆಂಡರ್ ಕಿತ್ತ. ಪೇಪರಿನವಗ ಬರಬ್ಯಾಡ ಅಂದ. ಮನ್ಯಾಗ ಯಾರೂ ಸೋಮವಾರದ ಹೆಸರು ಎತ್ತಬಾರದು ಅಂತ ಹುಕುಂ ಮಾಡಿದ!

ಹೆಂಡತಿ ಕೇಳಿದ್ಲು: "ರೀ, ನನ್ನ ಸೋಮವಾರದ ಉಪವಾಸ?"

"ರವಿವಾರ ಮುಗದ ಕೂಡ್ಲೆ ಮಂಗಳವಾರಕ್ಕ ನಡಿ!"

ಸೋಮವಾರ ನಿಂತಿತೇನು? ಬಂತು. ಮುಂಜಾನೆ ಪ್ರಭು ಬ್ಯಾಗ್ ಹಾಕ್ಕೊಂಡು ಹೊಂಟ. ಶಾಂತವೀರಪ್ಪ ಹೊಸ್ತಿಲಿಗೆ ಅಡ್ಡ ನಿಂತ. ಬಾಯಿ ತಗದ. ಏನಂತ ಹುಕುಂ ಮಾಡ್ಬೇಕು? ಆತನ ಹುಕುಮು ಎಲ್ಲಾ ಮುಗದಿದ್ದುವು. ಅಲ್ಲೇ ಹೊಸ್ತಿಲ ಮ್ಯಾಲೆ ಕೂತ.

"ಪ್ರಭು, ನನಗ ಹೆದರಿಕಿ ಆಗೇತಿ."

ಹುಡುಗ ಈ ಮಾತು ಅಪ್ಪನ ಬಾಯಾಗ ಎಂದೂ ಕೇಳಿರಲಿಲ್ಲ. ಬ್ಯಾಗ್ ಇಳಿಸಿದ.

"ನನಗೂ, ಅಪ್ಪಾ. ಕಾಲೇಜಿನಾಗ ಕೂತ್ರ ಉಸಿರು ಕಟ್ಟತಿತ್ತು, ಅದಕ್ಕ ಬಿಟ್ಟೆ. ಏನೂ ತಲಿಗೆ ಹತ್ತವಲ್ದು. ಹೇಳಿದ್ರ ನೀವು ಮರ್ಯಾದಿ ಹೋತು ಅಂತೀರಿ."

ಅಂತಿದ್ದ. ಅಪ್ಪ ಖರೇನ ಅಂತಿದ್ದ. ಆವತ್ತು ಮಾತ್ರ ಅನಲಿಲ್ಲ.

"ಡಾಕ್ಟರ ಕಡೆ ಹೋಗೂಣೇನು? ನಾ ಸಂಗಾಟ ಬರ್ಲೇನು?"

ಗಿರಣಿ ಯಜಮಾನ ಅಪ್ಪಣಿ ಕೇಳಿದ, ನೋಡ್ರಿ! ಅದೂ ಮಗನ ಅಪ್ಪಣಿ!

"ಬರ್ರಿ. ಆದ್ರ ಒಳಗ ನಾ ಒಬ್ಬನ ಮಾತಾಡ್ತೀನಿ. ನೀವು ಹೊರಗ ಕೂಡ್ರಿ."

ದವಾಖಾನ್ಯಾಗ ಡಾಕ್ಟರ ಕ್ವಾಣಿ ಹೊರಗ ಬಾಕಿನ ಮ್ಯಾಲೆ ಕೂತ ಶಾಂತವೀರಪ್ಪ. ಒಂದ ದಿನದಾಗ ಎಲ್ಲಾ ನೆಟ್ಟಗಾತೇನು? ಇಲ್ಲ. ಈಗೂ ಜಗಳ ಆಗತಾವ. ಆದ್ರ ಹುಡುಗ ಮನ್ಯಾಗ ಅದಾನ. ತನ್ನ ಮನಸ್ಸಿಲೆ ಅದಾನ.

ಈಗ ನಿಮ್ಮ ಪಾಳಿ, ತಾಯಂದಿರ, ತಂದಿಗಳ. ಇವತ್ತು ಮನಿಗೆ ಹೋಗ್ತೀರಿ. ಬೆಳದ ಮಗ, ಬೆಳದ ಮಗಳು ಕ್ವಾಣಿ ಕದ ಹಾಕ್ಕೊಂಡಿರ್ತಾರ. ಕದ ಒದೀಬ್ಯಾಡ್ರಿ. ಮೆಲ್ಲಕ ಬಡದು, "ಒಳಗ ಬರ್ಲೇನು?" ಅಂತ ಕೇಳ್ರಿ. "ಬ್ಯಾಡ" ಅಂದ್ರ? "ಆತಪಾ, ಊಟಕ್ಕ ಕಾಯ್ತೀನಿ" ಅನ್ರಿ. ಅಂದಮ್ಯಾಲೆ ಖರೇನ ಕಾಯ್ರಿ. ಸಾರು ಆರಿದ್ರ ಆರಲಿ, ನೀವು ಕಾಯ್ರಿ.