ಯಾರು ಹೇಳಿದ್ದು?

ಇದು ನಮ್ಮ ಪಕ್ಕದ ಮನೆಯ ಅಕನೀಸಿಗೆ ಆದದ್ದು. ಸುವಾ ಪಟ್ಟಣದ ಗುಡ್ಡದ ಮೇಲಿನ ಕಾಲೇಜಿನಿಂದ ನಮ್ಮ ಕೇರಿಗೆ ಇಳಿಯುವ ಕಾಲುದಾರಿಯಲ್ಲಿ ಒಂದು ಆಲದ ಮರ. ಅದರ ಬುಡದಲ್ಲಿ ಹಳೇ ಬಾವಿ. ಅವತ್ತು ರಾತ್ರಿ ಅವಳೊಬ್ಬಳೇ ಬರುತ್ತಿದ್ದಳು. ಮನೆಯಲ್ಲಿ ಬುಬು, ಅಂದರೆ ಅವಳ ಅಜ್ಜಿ, ಮರಗೆಣಸು ಬೇಯಿಸಿಟ್ಟು ಕಾಯುತ್ತಿದ್ದಳು.

ಬೆಳಗಾಗುವುದರೊಳಗೆ ಸಾಹಿತ್ಯದ ಪ್ರಬಂಧ ಕಳಿಸದಿದ್ದರೆ ಅಕನೀಸಿಯ ವಿದ್ಯಾರ್ಥಿವೇತನ ಹೋಗುತ್ತಿತ್ತು. ಪ್ರಬಂಧ ಆ ಬಾವಿಯ ಕತೆಯ ಮೇಲೆಯೇ. ಸೆರು ಎಂಬವನು ಜಮೀನಿಗಾಗಿ ಒಡಹುಟ್ಟಿದ ಅಣ್ಣನ ತಲೆಯನ್ನು ದೊಣ್ಣೆಯಿಂದ ಜಜ್ಜಿ ಆ ಬಾವಿಗೆ ತಳ್ಳಿದ್ದ; ಗುಟ್ಟು ಹೊರಬಿದ್ದಾಗ ತಾನೂ ಅದಕ್ಕೇ ಹಾರಿ ಸತ್ತಿದ್ದ. ಈ ಕತೆ ಹೇಳಿದವಳು ಬುಬು. "ನನ್ನ ಹೆಸರು ಎಲ್ಲೂ ಎತ್ತಬೇಡ ಮಗಾ. ಯಾರು ಹೇಳಿದ್ದು ಅಂತ ಆ ಸೆರು ಸತ್ತಮೇಲೂ ಕೇಳ್ಕೊಂಡು ತಿರುಗ್ತಾನೆ" ಅಂದಿದ್ದಳು.

ಆದರೆ ಕಾಲೇಜಿನಲ್ಲಿ ಹುಡುಗರ ಬರವಣಿಗೆ ತಿದ್ದಿಕೊಡುವ ಉನೈಸಿ ಬಿಡಬೇಕಲ್ಲ!

"ಏನೇ ಇದು, 'ಹೇಳಿದವರು ಗೊತ್ತಿಲ್ಲ' ಅಂತ? ನಿಮ್ಮ ಬುಬು ಹೇಳಿದ್ದು ಅಂದೆಯಲ್ಲ?"

"ಹೆಸರು ಬೇಡ ಅಂದಿದಾಳೆ ಅಕ್ಕಾ."

"ಮಾರ್ಕ್ಸ್ ಹಾಕೋದು ಅವಳಾ? ಎಲ್ಲಿಂದ ತಂದೆ ಅಂತ ಬರೀದಿದ್ರೆ ಕದ್ದದ್ದು ಅಂತಾರೆ. ಸೊನ್ನೆ!"

"ಸೊನ್ನೆ ಬಂದ್ರೂ ಬರ್ಲಿ. ಹಾಕ್ಬೇಡ."

"ಆಯ್ತು ಮಹಾರಾಣಿ, ಮನೆಗೆ ನಡಿ. ತಪ್ಪು ತಿದ್ದಿ ನಾನೇ ಕಳಿಸ್ತೀನಿ."

ಬಾವಿಯ ಹತ್ತಿರ ಬಂದಳು... ಟೊಕ್. ಕಲ್ಲಿಗೆ ದೊಣ್ಣೆ ತಾಗಿದ ಸದ್ದು. ಆಮೇಲೆ ತೊಟ್... ತೊಟ್... ಒದ್ದೆ ಮೈಯಿಂದ ನೀರು ಬೀಳುವ ಸದ್ದು.

ಕಿವಿಯ ಪಕ್ಕದಲ್ಲೇ ಪಿಸುಮಾತು. "ಯಾರು ಹೇಳಿದ್ದು?"

"ಗೊ... ಗೊತ್ತಿಲ್ಲ."

ಸುಂಯ್... ಲಟಕ್! ಬಲಗೈ ಮೊಣಕೈಯಿಂದ ಕೆಳಗೆ ಜೋತಾಡಿತು. ಚರ್ಮ ಸೀಳಿಕೊಂಡು ಮೂಳೆ ಬೆಳ್ಳಗೆ ಹೊರಬಂತು.

"ಯಾರು ಹೇಳಿದ್ದು?"

ಬುಬುವಿನ ಬೊಚ್ಚು ಬಾಯಿ ಕಣ್ಣ ಮುಂದೆ ಬಂತು. "ಗೊತ್ತಿಲ್ಲ!"

ಈ ಸಲ ಪಕ್ಕೆಗೆ. ಧಡ್. ಒಳಗೆ ಏನೋ ಒಣಕಡ್ಡಿಯಂತೆ ಮುರಿಯಿತು. ಬಾಯಿಯ ತುಂಬ ಬಿಸಿ ರಕ್ತ. ಪಾಚಿಯಂತೆ ಜಾರುವ ಕೈಯೊಂದು ಅವಳ ಜುಟ್ಟು ಹಿಡಿದೆಳೆದು ತಲೆಯನ್ನು ಬಾವಿಕಟ್ಟೆಗೆ ಒತ್ತಿತು.

"ಯಾರು..."

ಅವಳು ಹಲ್ಲು ಕಚ್ಚಿದಳು. ದೊಣ್ಣೆ ಮೇಲೆದ್ದಿತು... ಅಲ್ಲೇ ನಿಂತಿತು.

ಅವನು ಕತ್ತು ಹೊರಳಿಸಿದ, ದೂರದಿಂದ ಯಾರೋ ಕರೆದು ಉತ್ತರ ಹೇಳಿದ ಹಾಗೆ. "ಹ್ಞಾ..." ಅಂದ. ಜುಟ್ಟು ಬಿಟ್ಟ. ತೊಟ್... ತೊಟ್... ಸದ್ದು ಕೇರಿಯ ಕಡೆಗೆ ಇಳಿದುಹೋಯಿತು.

ಜೇಬಿನಲ್ಲಿ ಫೋನ್ ಗುರ್ರ್ ಅಂತು. ಎಡಗೈಯಲ್ಲಿ ತೆಗೆದಳು. ಉನೈಸಿಯ ಸಂದೇಶ.

"ಈಗಷ್ಟೇ ಕಳಿಸಿದೆ ಕಣೇ. ಬುಬು ಹೆಸರು, ಕೇರಿ ಎಲ್ಲ ಹಾಕಿದೀನಿ. ಬೈಕೋಬೇಡ. ನೆಮ್ಮದಿಯಾಗಿ ಮಲ್ಕೋ."

ಅಕನೀಸಿ ತೆವಳಿದಳು. ಕೂಗಲು ಉಸಿರಿರಲಿಲ್ಲ. ನಮ್ಮ ಅಂಗಳದವರೆಗೆ ಬಂದು, "ಬುಬು... ಬಾಗ್ಲು..." ಅಂದು ಬಿದ್ದಳು.

ಅವರ ಮನೆಗೆ ಒಳಗಿನಿಂದ ಅಗಳಿ ಹಾಕಿತ್ತು. ಬಾಗಿಲು ಒದ್ದು ತೆಗೆದದ್ದು ನಮ್ಮಣ್ಣ. ಬುಬು ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಮೂಗಿನಿಂದ ಕೆಳಗೆ ಮುಖವೇ ಇರಲಿಲ್ಲ.

ಪ್ರಬಂಧಕ್ಕೆ ಒಳ್ಳೇ ಮಾರ್ಕ್ಸ್ ಬಂತು. ಅಕನೀಸಿಯ ಬಲಗೈ ಇವತ್ತಿಗೂ ಸೊಟ್ಟ, ಬಂದು ನೋಡಿ ಬೇಕಾದರೆ. ನಡೆದದ್ದನ್ನೇ ಹೇಳುತ್ತಿದ್ದೇನೆ. ಆ ವಾರ ಸುವಾದಲ್ಲಿ ಒಂದು ಹನಿ ಮಳೆಯಿರಲಿಲ್ಲ. ಆದರೂ ಬುಬುವಿನ ಚಾಪೆ ಎತ್ತಿದಾಗ ಅದರಿಂದ ನೀರು ಸೋರಿತು... ಅಡಿಯಲ್ಲೆಲ್ಲ ಹಸಿ ಪಾಚಿ.